ದಾರಿ ತಿಳಿದರೆ ಸಾಲದು

(ವಾಚನಾಲಯದ ಭಾನುವಾರದ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ವಿದ್ವಾಂಸರು ಮಾತನಾಡುವುದು ವಾಡಿಕೆ. ನಾವಾದರೋ ಮೆಟ್ರಿಕ್ ಮುಗಿಸಿ, ಭಿವಂಡಿಯ ಕಡೆಯ ಬಟ್ಟೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರು. ಸಂಜೆ ಇಲ್ಲಿಗೆ ಬಂದು ಬಾಗಿಲು ತೆಗೆದು, ಪತ್ರಿಕೆಗಳನ್ನು ಹರವಿ, ರಾತ್ರಿ ದೀಪ ಆರಿಸಿ ಹೋಗುವವರು. ಇಂಥವರು ವಿಮಾನಯಾನದ ನಿಯಮಗಳನ್ನು ಕುರಿತು ಮಾತನಾಡುತ್ತಾರೆಂದರೆ ಕೆಲವರಿಗೆ ನಗು ಬಂದೀತು. ಆದರೆ ಈ ವಿಷಯವೇ ನಮ್ಮನ್ನು ಹುಡುಕಿಕೊಂಡು ಬಂತೇ ಹೊರತು ನಾವು ಇದನ್ನು ಹುಡುಕಿಕೊಂಡು ಹೋದವರಲ್ಲ. ಅದು ಹೇಗೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಿಗ್ಗೆ, ಊರಿನಿಂದ ಫೋನ್ ಬಂತು. ತಂದೆಯವರು ತೀರಿಕೊಂಡಿದ್ದರು. ರೈಲಿಗೆ ಹೋದರೆ ಮರುದಿನವೇ ಆಗುತ್ತದೆ, ಬಸ್ಸಿಗೂ ಅಷ್ಟೇ. ಕಚೇರಿಯ ಸ್ನೇಹಿತರಲ್ಲಿ ಕೈಗಡ ಪಡೆದು ಮಧ್ಯಾಹ್ನದ ಮಂಗಳೂರು ವಿಮಾನ ಹತ್ತಿದೆವು. 'ನೀನು ಬರುವ ತನಕ ಕಾಯುತ್ತೇವೆ' ಎಂದು ಅಣ್ಣ ಹೇಳಿದ್ದರು.

ಬಜ್ಪೆಯ ಹತ್ತಿರ ಬಂದಾಗ ಕಿಟಕಿಯ ಹೊರಗೆ ಸುಣ್ಣದ ಗೋಡೆಯಂತೆ ಮೋಡ, ಮಳೆ. ವಿಮಾನವು ಇಳಿಯುತ್ತ ಬಂದು, ಇನ್ನೇನು ನೆಲ ಕಾಣಬೇಕು ಎನ್ನುವಷ್ಟರಲ್ಲಿ, ಗರ್ಜಿಸಿ ಮೇಲಕ್ಕೆದ್ದಿತು. ಸ್ವಲ್ಪ ಹೊತ್ತು ಸುತ್ತಿ ಇನ್ನೊಮ್ಮೆಯೂ ಹಾಗೆಯೇ ಮಾಡಿತು. ಆಮೇಲೆ 'ಬೆಂಗಳೂರಿಗೆ ಹೋಗುತ್ತಿದ್ದೇವೆ' ಎಂಬ ಪ್ರಕಟಣೆಯಾಯಿತು. ಪಕ್ಕದ ಸೀಟಿನವರು ತಮ್ಮ ಮೊಬೈಲನ್ನು ಕಿಟಕಿಗೆ ಹಿಡಿದು ನಮಗೆ ತೋರಿಸಿದರು. 'ನೋಡಿ ಮಾರಾಯರೇ, ನೀಲಿ ಚುಕ್ಕೆ ಬಜ್ಪೆಯಲ್ಲಿಯೇ ಉಂಟು. ಎಂಟು ಸಾವಿರದ ಫೋನಿಗೆ ಗೊತ್ತಾಗುವುದು ಕೋಟಿಗಟ್ಟಲೆ ಬೆಲೆಯ ವಿಮಾನಕ್ಕೆ ಗೊತ್ತಾಗುವುದಿಲ್ಲವೇ?'

ನಾವು ಮನೆ ಮುಟ್ಟುವಾಗ ಮರುದಿನ ಬೆಳಗಾಗಿತ್ತು. ಚಿತೆ ಆರಿತ್ತು. ತಂದೆಯವರ ಮುಖ ನಮಗೆ ಕಾಣಸಿಗಲಿಲ್ಲ. ಆ ಪೈಲಟರ ಮೇಲೆ ನಮಗೆ ಬಂದ ಸಿಟ್ಟು ಮಾತ್ರ ಬಹಳ ದಿನ ಆರಲಿಲ್ಲ.

ಪಕ್ಕದ ಸೀಟಿನವರ ಆ ಪ್ರಶ್ನೆಯನ್ನು ಇಲ್ಲಿ ಒಂದು ರಾತ್ರಿ ಪತ್ರಿಕೆಗಳನ್ನು ಮಡಿಸಿಡುವಾಗ ಆಡಿ ತೋರಿಸಿದೆವು. ವಿಮಾನ ದುರಸ್ತಿಯ ಕೆಲಸ ಕಲಿತ ತರುಣರೊಬ್ಬರು ಅದನ್ನು ಕೇಳಿ, 'ಸಿಟ್ಟಾಗುವುದಕ್ಕೆ ಮೊದಲು ನಿಯಮ ತಿಳಿದುಕೊಳ್ಳಿ' ಎಂದರು. ಅವರೇ ಹಲವು ಸಂಜೆ ಕೂತು ನಮಗೆ ಓದಿ ಹೇಳಿದರು. ಆ ಪ್ರಶ್ನೆಗೆ ದೊರೆತ ಉತ್ತರವೇ ಇಂದಿನ ಭಾಷಣ.

ವಿಮಾನ ನಡೆಸುವುದರಲ್ಲಿ ಎರಡು ಬಗೆ. ಆಕಾಶ ತಿಳಿಯಾಗಿದ್ದಾಗ ಕಣ್ಣಿಗೆ ಕಾಣುವ ನೆಲ, ನದಿ, ದಿಗಂತಗಳನ್ನು ನೋಡಿಕೊಂಡು ಹಾರುವುದು ಒಂದು. ಮೋಡ, ಮಳೆ, ಕತ್ತಲೆಗಳಲ್ಲಿ ಹೊರಗಿನದನ್ನು ನೋಡದೆ ಎದುರಿಗಿರುವ ಉಪಕರಣಗಳನ್ನೇ ನಂಬಿ ಹಾರುವುದು ಇನ್ನೊಂದು. ಈ ಎರಡನೆಯದಕ್ಕೆ ಉಪಕರಣ ಹಾರಾಟವೆಂದು ಹೆಸರು. ಪ್ರಯಾಣಿಕರ ದೊಡ್ಡ ವಿಮಾನಗಳು ಸಾಮಾನ್ಯವಾಗಿ ಈ ಎರಡನೆಯ ಬಗೆಯ ನಿಯಮಗಳಿಗೆ ಒಳಪಟ್ಟೇ ಹಾರುತ್ತವೆ. ಮೋಡದೊಳಗೆ ಮನುಷ್ಯನ ಮೈ ಸುಳ್ಳು ಹೇಳುತ್ತದೆ. ವಿಮಾನ ಒಂದು ಮಗ್ಗುಲಿಗೆ ವಾಲಿದ್ದರೂ ನೆಟ್ಟಗಿದ್ದೇವೆಂದೇ ತೋರುತ್ತದೆ. ಆದುದರಿಂದ ಉಪಕರಣವನ್ನು ನಂಬಬೇಕು.

ಆದರೆ ಉಪಕರಣವೂ ಸುಳ್ಳು ಹೇಳಬಹುದಷ್ಟೆ? ಅದಕ್ಕೆ ಸಾಕ್ಷಿ ಈ ಮುಂಬಯಿಯ ಕಡಲೇ. 1978ರ ಜನವರಿ 1ರ ರಾತ್ರಿ ಸಾಂತಾಕ್ರೂಜಿನಿಂದ ದುಬೈಗೆಂದು ಎದ್ದ ಏರ್ ಇಂಡಿಯಾದ 'ಸಾಮ್ರಾಟ್ ಅಶೋಕ' ವಿಮಾನವು ಕೆಲವೇ ನಿಮಿಷಗಳಲ್ಲಿ ಬಾಂದ್ರಾದ ಆಚೆ ಸಮುದ್ರಕ್ಕೆ ಬಿತ್ತು. 213 ಮಂದಿ ತೀರಿಕೊಂಡರು. ವಿಮಾನ ಎತ್ತ ವಾಲಿದೆಯೆಂದು ತೋರಿಸುವ ಉಪಕರಣಗಳಲ್ಲಿ ಕ್ಯಾಪ್ಟನರ ಎದುರಿಗಿದ್ದದ್ದು ಕೆಟ್ಟಿತ್ತು. ಬೇರೆ ಉಪಕರಣಗಳು ಸರಿಯಾಗಿಯೇ ಇದ್ದವು. ಕತ್ತಲಲ್ಲಿ ಕೆಟ್ಟದ್ದನ್ನೇ ನಂಬಿದುದರಿಂದ ವಿಮಾನ ಎಡಕ್ಕೆ ಮಗುಚುತ್ತ ಹೋಯಿತು.

ಇನ್ನೊಂದು ಸಂಗತಿ ಅದಕ್ಕಿಂತ ಹಿಂದಿನದು. 1962ರ ಜುಲೈ 7ರಂದು ಬ್ಯಾಂಕಾಕಿನಿಂದ ಮುಂಬಯಿಗೆ ಬರುತ್ತಿದ್ದ ಇಟಲಿಯ ಅಲಿಟಾಲಿಯಾ ಸಂಸ್ಥೆಯ ವಿಮಾನವು ಜುನ್ನರಿನ ಕಡೆಯ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 94 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ತಾವು ಮುಂಬಯಿಗೆ ಇನ್ನೂ ಹತ್ತಿರ ಬಂದಿದ್ದೇವೆಂದು ಚಾಲಕರು ತಿಳಿದು, ಬೆಟ್ಟಸಾಲನ್ನು ದಾಟುವ ಮುನ್ನವೇ ಇಳಿಯತೊಡಗಿದ್ದರು. ತಾವಿರುವ ಸ್ಥಳವನ್ನು ಖಚಿತಪಡಿಸಿಕೊಳ್ಳಲು ಇದ್ದ ರೇಡಿಯೋ ಸಾಧನಗಳನ್ನು ಅವರು ಸರಿಯಾಗಿ ಬಳಸಲಿಲ್ಲವೆಂದು ವಿಚಾರಣೆಯಲ್ಲಿ ಕಂಡುಬಂತು.

ಕಣ್ಣನ್ನು ನಂಬಿ ಕೆಟ್ಟವರೂ ಉಂಟು. ಸಾಂತಾಕ್ರೂಜಿನ ಪಶ್ಚಿಮಕ್ಕೆ, ಕಡಲ ದಂಡೆಯಲ್ಲಿ ಜುಹುವಿನ ಚಿಕ್ಕ ನಿಲ್ದಾಣವಿದೆ. 1932ರಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಟಪಾಲು ತಂದು ಇಳಿಸಿದ ಜಾಗವೇ ಅದು. ಎರಡು ನಿಲ್ದಾಣಗಳ ರನ್‌ವೇಗಳೂ ಸರಿಸುಮಾರು ಒಂದೇ ದಿಕ್ಕಿಗೆ ಮುಖ ಮಾಡಿವೆ. 1953ರಲ್ಲಿ ಬ್ರಿಟಿಷರ ಕಾಮೆಟ್ ಜೆಟ್ ವಿಮಾನವೊಂದು ಸಾಂತಾಕ್ರೂಜ್ ಎಂದು ತಿಳಿದು ಜುಹುವಿನಲ್ಲಿ ಇಳಿಯಿತು. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸಿನ ವಿಮಾನವೂ ಹಾಗೆಯೇ ಇಳಿದು, ರನ್‌ವೇ ಸಾಲದೆ ಅದರಾಚೆಗೆ ನುಗ್ಗಿ ಮುರಿಯಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ದಾದರಿನಲ್ಲಿ ಇಳಿಯಬೇಕಾದವನು ಮಾಟುಂಗದಲ್ಲಿ ಇಳಿದರೆ ಮುಂದಿನ ಲೋಕಲ್ ಹಿಡಿದಾನು. ವಿಮಾನಕ್ಕೆ ಆ ಸೌಕರ್ಯವಿಲ್ಲ.

ಮೈ ಸುಳ್ಳು ಹೇಳುತ್ತದೆ, ಉಪಕರಣ ಕೆಡುತ್ತದೆ, ಕಣ್ಣು ಮೋಸಹೋಗುತ್ತದೆ. ಇಂತಿರಲಾಗಿ, ಎಲ್ಲಿದ್ದೇವೆಂಬುದನ್ನು ಮೇಲಿನಿಂದ ಯಾರಾದರೂ ಹೇಳಿದರೆ ಎಷ್ಟು ಚೆನ್ನ! ಉಪಗ್ರಹಗಳು ಈ ಕೆಲಸಕ್ಕೆ ಬಂದವು.

ಅಮೆರಿಕದ ಸೈನ್ಯವು ತನಗಾಗಿ ಕಟ್ಟಿಕೊಂಡ ಏರ್ಪಾಡಿಗೆ ಜಿ.ಪಿ.ಎಸ್. ಎಂದು ಹೆಸರು. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕರ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ನೆಲದ ಮೇಲೆ ಹೋದಾಗ ಅದನ್ನು ಹೊಡೆದುರುಳಿಸಲಾಯಿತು. 269 ಜನ ಸತ್ತರು. ಈ ಏರ್ಪಾಡು ಸಿದ್ಧವಾದಾಗ ಜಗತ್ತಿನ ನಾಗರಿಕ ವಿಮಾನಗಳಿಗೂ ಅದನ್ನು ಕೊಡುವುದಾಗಿ ಅಮೆರಿಕದ ಸರ್ಕಾರ ಅದೇ ತಿಂಗಳು ಸಾರಿತು. 1995ರಲ್ಲಿ ಅದು ಪೂರ್ಣವಾಯಿತು. ಸಾರ್ವಜನಿಕರ ಪಾಲಿಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದರು.

ಅದು ಕೆಲಸ ಮಾಡುವ ರೀತಿ ಸರಳ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಇಪ್ಪತ್ತನಾಲ್ಕಕ್ಕೆ ಕಡಿಮೆಯಿಲ್ಲದಂತೆ ಉಪಗ್ರಹಗಳು ಭೂಮಿಯನ್ನು ಸುತ್ತುತ್ತಿರುತ್ತವೆ. ಒಂದೊಂದೂ ತಾನೆಲ್ಲಿದ್ದೇನೆ, ಈಗ ಗಂಟೆ ಎಷ್ಟು ಎಂಬುದನ್ನು ರೇಡಿಯೋದಲ್ಲಿ ಸಾರುತ್ತಲೇ ಇರುತ್ತದೆ. ಆ ಮಾತು ತಲುಪಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತಾರೆ. ಇಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರು ತಪ್ಪುತ್ತದೆ. ಸ್ಥಳಕ್ಕೆ ಮೂರು ಅಂಕಿ, ನಮ್ಮ ಗಡಿಯಾರದ ತಪ್ಪಿಗೆ ಒಂದು, ಹೀಗೆ ತಿಳಿಯದಿರುವ ನಾಲ್ಕನ್ನು ಬಿಡಿಸಲು ನಾಲ್ಕು ಉಪಗ್ರಹಗಳು ಬೇಕು. ನಮ್ಮ ಫೋನಿನ ನೀಲಿ ಚುಕ್ಕೆಯೂ ಈ ಲೆಕ್ಕದಿಂದಲೇ ಹುಟ್ಟಿದ್ದು.

ಹಾಗಾದರೆ ಆ ಚುಕ್ಕೆಯನ್ನು ನಂಬಿ ಇಳಿಯಬಾರದೇಕೆ? ಉತ್ತರವು ನಿಯಮಗಳಲ್ಲಿದೆ. ಅವುಗಳಲ್ಲಿ ಮುಖ್ಯವಾದವನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ತಾಳೆ ನೋಡುವ ನಿಯಮ. ಲೆಕ್ಕ ಬರೆಯುವವರಿಗೆ ಇದು ಬೇಗ ತಿಳಿಯುತ್ತದೆ. ನಾಲ್ಕು ಉಪಗ್ರಹಗಳಿಂದ ಒಂದು ಮೊತ್ತವೇನೋ ಬರುತ್ತದೆ. ಅದು ಸರಿಯೋ ತಪ್ಪೋ ಹೇಳುವವರಿಲ್ಲ. ಐದನೆಯದು ಸಿಕ್ಕರೆ ಒಂದರೊಡನೆ ಒಂದನ್ನು ಹೋಲಿಸಿ, ಎಲ್ಲೋ ತಪ್ಪಿದೆಯೆಂದು ಕಂಡುಹಿಡಿಯಬಹುದು. ಆರನೆಯದೂ ಸಿಕ್ಕರೆ ಯಾವುದು ತಪ್ಪೆಂದು ಗುರುತಿಸಿ ಅದನ್ನು ಲೆಕ್ಕದಿಂದ ತೆಗೆದುಬಿಡಬಹುದು. ವಿಮಾನದ ಉಪಕರಣವು ಈ ತಾಳೆಯನ್ನು ಎಡೆಬಿಡದೆ ನೋಡುತ್ತಿರಬೇಕು. ತಾಳೆ ತಪ್ಪಿದರೆ, ಇಲ್ಲವೆ ತಾಳೆ ನೋಡಲು ಬೇಕಾದಷ್ಟು ಉಪಗ್ರಹಗಳು ಇಲ್ಲದಿದ್ದರೆ, ಚಾಲಕನಿಗೆ ಕೂಡಲೇ ಎಚ್ಚರಿಕೆ ಕೊಡಬೇಕು. ಮುಟ್ಟುವ ಹೊತ್ತಿಗೆ ಅಲ್ಲಿ ಸಾಕಷ್ಟು ಉಪಗ್ರಹಗಳು ಕಾಣುತ್ತವೆಯೇ ಎಂಬುದನ್ನೂ ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಬೇಕು. ಫೋನಿಗೆ ಇಂಥ ಹೊಣೆಯಿಲ್ಲ. ಅದು ತಪ್ಪಿದಾಗಲೂ ಅದೇ ಧೈರ್ಯದಿಂದ ನೀಲಿ ಚುಕ್ಕೆಯನ್ನು ತೋರಿಸುತ್ತದೆ. ಆದುದರಿಂದಲೇ ಕೈಯಲ್ಲಿ ಹಿಡಿಯುವ ಯಂತ್ರವನ್ನು ನಂಬಿ ಮೋಡದಲ್ಲಿ ಹಾರುವಂತಿಲ್ಲ. ಆ ಕೆಲಸಕ್ಕೆಂದು ಪರೀಕ್ಷಿಸಿ ಒಪ್ಪಿಗೆ ಪಡೆದ ಉಪಕರಣವೇ ವಿಮಾನದಲ್ಲಿರಬೇಕು.

ಎರಡನೆಯದು, ದಾರಿಯ ಪುಸ್ತಕ ಹಳೆಯದಾಗಿರಬಾರದು. ಉಪಕರಣದೊಳಗೆ ತುಂಬಿದ ದಾರಿ, ನಿಲ್ದಾಣ, ಎತ್ತರಗಳ ಪಟ್ಟಿಯನ್ನು 28 ದಿನಗಳಿಗೊಮ್ಮೆ ಹೊಸದು ಮಾಡುತ್ತಾರೆ. ಇಳಿಯುವ ದಾರಿಯನ್ನು ಆ ಪಟ್ಟಿಯಿಂದ ಹೆಸರು ಹೇಳಿ ಇಡಿಯಾಗಿ ತೆಗೆದುಕೊಳ್ಳಬೇಕೇ ಹೊರತು ಚಾಲಕನು ತನ್ನ ಕೈಯಿಂದ ಅಂಕಿಗಳನ್ನು ಒತ್ತಿ ಹೊಸ ದಾರಿ ಮಾಡಿಕೊಳ್ಳುವಂತಿಲ್ಲ. ಹೋದ ವರ್ಷದ ವೇಳಾಪಟ್ಟಿ ಹಿಡಿದು ಬೋರಿವಲಿಯಲ್ಲಿ ನಿಂತವನಿಗೆ ಲೋಕಲ್ ಒಂದು ತಪ್ಪೀತು, ಅಷ್ಟೆ. ಅಂಕಿಯೊಂದನ್ನು ತಪ್ಪಿ ಒತ್ತಿದ ಚಾಲಕನ ಎದುರಿಗೆ ಬೆಟ್ಟವಿರಬಹುದು.

ಮೂರನೆಯದು ದಾರಿಯ ಅಗಲ. ನಿಲ್ದಾಣದ ಸುತ್ತಮುತ್ತ ವಿಮಾನವು ಗೊತ್ತಾದ ದಾರಿಯಿಂದ ಒಂದು ನಾಟಿಕಲ್ ಮೈಲಿಯೊಳಗೆ, ಎಂದರೆ 1.852 ಕಿಲೋಮೀಟರಿನೊಳಗೆ, ಇರುವಷ್ಟು ನಿಖರತೆ ಬೇಕು. ಕೊನೆಯ ಇಳಿತದಲ್ಲಿ 0.3 ಮೈಲಿ ಮಾತ್ರ, ಸುಮಾರು 550 ಮೀಟರು. ನೆಲ ಹತ್ತಿರವಾದಂತೆ ಸಲಿಗೆ ಕಡಿಮೆಯಾಗುತ್ತದೆ.

ನಾಲ್ಕನೆಯದು ಎತ್ತರದ ವಿಷಯ. ಸಾಮಾನ್ಯ ಜಿ.ಪಿ.ಎಸ್. ಅಡ್ಡದ ಸ್ಥಳವನ್ನು ಹೇಳುವಷ್ಟು ಚೆನ್ನಾಗಿ ಎತ್ತರವನ್ನು ಹೇಳಲಾರದು. ಆದ್ದರಿಂದ ಇಳಿಯುವಾಗ ಎಲ್ಲಿಯವರೆಗೆ ಇಳಿಯಬಹುದೆಂಬುದನ್ನು ಗಾಳಿಯ ಒತ್ತಡದಿಂದ ಅಳೆಯುವ ಹಳೆಯ ಎತ್ತರಮಾಪಕವನ್ನೇ ನೋಡಿ ನಿರ್ಧರಿಸಬೇಕು.

ಐದನೆಯದು, ಹೊರಡುವಾಗಲೇ ಮರಳುವ ಯೋಚನೆ. ಮುಟ್ಟಬೇಕಾದ ಊರಿನಲ್ಲಿ ಇಳಿಯಲಾಗದಿದ್ದರೆ ಹೋಗಲು ಇನ್ನೊಂದು ನಿಲ್ದಾಣವನ್ನು ಗೊತ್ತುಮಾಡಿರಬೇಕು. ಅಲ್ಲಿಗೆ ಹೋಗಿ, ಮತ್ತೂ ಅರ್ಧ ಗಂಟೆ ಸುತ್ತುವಷ್ಟು ಎಣ್ಣೆ ಉಳಿದಿರಬೇಕು. ನಾವು ಬೆಂಗಳೂರಿಗೆ ಹೋದದ್ದು ಆ ಚಾಲಕರಿಗೆ ಆಕಾಶದಲ್ಲಿ ಹೊಳೆದ ಯೋಚನೆಯಲ್ಲ, ಮುಂಬಯಿಯಲ್ಲಿಯೇ ಬರೆದಿಟ್ಟ ಯೋಚನೆ.

ಆರನೆಯದೇ ಎಲ್ಲಕ್ಕೂ ತಲೆಯಾದ ನಿಯಮ: ಸಂಶಯ ಬಂದರೆ ಇಳಿಯಬೇಡ. ಕೊನೆಯ ಇಳಿತ ಆರಂಭವಾಗುವ ಬಿಂದುವಿಗೆ ಮುಂಚೆ ಉಪಗ್ರಹದ ತಾಳೆ ತಪ್ಪಿತೆಂದು ಎಚ್ಚರಿಕೆ ಬಂದರೆ ಇಳಿಯತೊಡಗಲೇಬಾರದು. ಬಿಂದುವನ್ನು ದಾಟಿದ ಮೇಲೆ ಬಂದರೆ ಇಳಿಯುವುದನ್ನು ಬಿಟ್ಟು ಮೇಲೇರಬೇಕು. ತಾಳೆಯೆಲ್ಲ ಸರಿಯಿದ್ದರೂ, ಗೊತ್ತುಮಾಡಿದ ಕನಿಷ್ಠ ಎತ್ತರಕ್ಕೆ ಬಂದಾಗ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಣ್ಣಿಗೆ ಬೀಳದಿದ್ದರೆ, ಆಗಲೂ ಮೇಲೇರಬೇಕು. ಮಂಗಳೂರಿನಂಥ ನಿಲ್ದಾಣದಲ್ಲಿ ದಾರಿ ತೋರಿಸಿದ್ದು ಉಪಗ್ರಹವಾಗಲಿ, ನೆಲದ ರೇಡಿಯೋ ಆಗಲಿ, ಈ ಕೊನೆಯ ಮಾತು ಒಂದೇ. ಚುಕ್ಕೆ ಬಜ್ಪೆಯಲ್ಲಿತ್ತು, ನಿಜ. ಆದರೆ ಬಜ್ಪೆ ಚಾಲಕರಿಗೆ ಕಾಣಲಿಲ್ಲ. ಪಕ್ಕದ ಸೀಟಿನವರ ಪ್ರಶ್ನೆಗೆ ಉತ್ತರ ಇಷ್ಟೇ.

ಇದನ್ನು ಉತ್ತಮಪಡಿಸಲು ನಮ್ಮ ದೇಶದಲ್ಲಿ ನಡೆದ ಕೆಲಸವನ್ನು ಹೇಳದಿದ್ದರೆ ಕನ್ನಡಿಗರಾದ ನಮ್ಮಿಂದ ತಪ್ಪಾದೀತು. ಭಾರತವು ಕಾಂತೀಯ ಸಮಭಾಜಕ ರೇಖೆಯ ಹತ್ತಿರ ಇರುವುದರಿಂದ ಇಲ್ಲಿ ಮೇಲಿನ ವಾಯುಮಂಡಲದ ವಿದ್ಯುತ್ ಪದರವು ಬಹಳ ಚಂಚಲ. ಉಪಗ್ರಹದ ಮಾತು ಅದನ್ನು ದಾಟಿ ಬರುವಾಗ ತಡವಾಗುತ್ತದೆ. ತಡವಾದರೆ ದೂರ ತಪ್ಪುತ್ತದೆ. ಇದನ್ನು ತಿದ್ದಲು ಇಸ್ರೋ ಮತ್ತು ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ 'ಗಗನ್' ಎಂಬ ಏರ್ಪಾಡು ಕಟ್ಟಿದವು. ದೇಶದ 15 ಕಡೆಗಳಲ್ಲಿ, ತಾವಿರುವ ಸ್ಥಳವನ್ನು ಕರಾರುವಾಕ್ಕಾಗಿ ಅಳೆದಿಟ್ಟ ಕೇಂದ್ರಗಳು ಜಿ.ಪಿ.ಎಸ್. ಹೇಳುವುದನ್ನು ಕೇಳಿ, ಎಷ್ಟು ತಪ್ಪಿದೆಯೆಂದು ಬರೆದುಕೊಳ್ಳುತ್ತವೆ. ಆ ಲೆಕ್ಕವೆಲ್ಲ ಬೆಂಗಳೂರಿನ ಮುಖ್ಯ ಕೇಂದ್ರಕ್ಕೆ ಬಂದು, ತಿದ್ದುಪಡಿಯಾಗಿ, ಸುಮಾರು 36,000 ಕಿಲೋಮೀಟರು ಎತ್ತರದ ನಮ್ಮ ಜಿಸ್ಯಾಟ್ ಉಪಗ್ರಹಗಳ ಮೂಲಕ ವಿಮಾನಗಳಿಗೆ ಹೋಗುತ್ತದೆ. ಯಾವುದಾದರೂ ಉಪಗ್ರಹವನ್ನು ನಂಬಬಾರದೆಂದಾದರೆ ಕೆಲವೇ ಸೆಕೆಂಡುಗಳಲ್ಲಿ ಅದನ್ನೂ ತಿಳಿಸುತ್ತದೆ. 2013ರ ಡಿಸೆಂಬರ್ 30ರಂದು ದಾರಿ ಹಿಡಿಯಲೂ 2015ರ ಏಪ್ರಿಲ್ 21ರಂದು ಎತ್ತರ ಸಹಿತ ಇಳಿಯಲೂ ಇದಕ್ಕೆ ಒಪ್ಪಿಗೆ ದೊರೆಯಿತು. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ಸಂಸ್ಥೆಯ ವಿಮಾನವು ಗಗನ್ ನೆರವಿನಿಂದ ಇಳಿಯಿತು. ಇಳಿಯಲು ದಾರಿ ತೋರಿಸುವ ದುಬಾರಿ ರೇಡಿಯೋ ಸಲಕರಣೆಯನ್ನು ನೆಲದಲ್ಲಿ ಹೂಡಲಾಗದ ಚಿಕ್ಕ ಊರುಗಳಿಗೆ ಇದರಿಂದ ದೊಡ್ಡ ಉಪಕಾರ.

ಹಾಗೆಂದು ಹಳೆಯದನ್ನು ಎಸೆಯುವಂತಿಲ್ಲ. ಉಪಗ್ರಹದ ಮಾತು ನೆಲ ಮುಟ್ಟುವಾಗ ಬಹಳ ಕ್ಷೀಣವಾಗಿರುತ್ತದೆ. ಕೇಡಿಗರು ಅದರ ಮೇಲೆ ಗದ್ದಲ ಹಾಕಿ ಅಡಗಿಸಬಹುದು. ಅದರಂತೆಯೇ ನಟಿಸಿ ಸುಳ್ಳು ಸ್ಥಳವನ್ನೂ ಹೇಳಬಹುದು. ಯುದ್ಧ ನಡೆಯುವ ಕಡೆಗಳಲ್ಲಿ ಇದು ಹೆಚ್ಚಿದ್ದರಿಂದ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2023ರ ನವೆಂಬರಿನಲ್ಲಿ ಎಚ್ಚರಿಕೆಯ ಸುತ್ತೋಲೆ ಹೊರಡಿಸಿತು. 2025ರಲ್ಲಿ ದಿಲ್ಲಿಯ ಹತ್ತಿರವೇ ವಿಮಾನಗಳಿಗೆ ಇಂಥ ಸುಳ್ಳು ಸಂಕೇತ ಸಿಕ್ಕಿದ್ದನ್ನು ಸರ್ಕಾರ ಸಂಸತ್ತಿನಲ್ಲಿ ಒಪ್ಪಿಕೊಂಡಿತು. ನೆಲದ ಮೇಲಿನ ಹಳೆಯ ರೇಡಿಯೋ ಸಾಧನಗಳನ್ನು ಒಂದು ಮಟ್ಟಿಗಾದರೂ ಉಳಿಸಿಕೊಂಡಿರುವುದು ಇದಕ್ಕಾಗಿಯೇ. ಕಂಪ್ಯೂಟರ್ ಬಂದರೂ ನಮ್ಮ ಗಿರಣಿಯ ಹಿರಿಯ ಗುಮಾಸ್ತರು ಕೈಬರಹದ ಖಾತೆ ಪುಸ್ತಕವನ್ನು ಬಿಡಲಿಲ್ಲ. ಒಂದು ದಿನ ಯಂತ್ರ ಕೆಟ್ಟು ನಿಂತಾಗ ಕೂಲಿ ಬಟವಾಡೆ ನಡೆದದ್ದು ಆ ಪುಸ್ತಕದಿಂದ.

ಇಷ್ಟೆಲ್ಲ ಇದ್ದರೂ ನಿಯಮವನ್ನು ಪಾಲಿಸುವವನು ಮನುಷ್ಯನೇ. 2010ರ ಮೇ 22ರ ಬೆಳಿಗ್ಗೆಯನ್ನು ಈ ಕೋಣೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ಅಂದು ಮಳೆಯಿರಲಿಲ್ಲ, ರನ್‌ವೇ ಕಾಣುತ್ತಿತ್ತು, ಉಪಕರಣಗಳು ಎಚ್ಚರಿಸುತ್ತಿದ್ದವು. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಜೊತೆಯ ಚಾಲಕರು ಮೂರು ಸಲ 'ಮೇಲೇರೋಣ' ಎಂದರೂ ಕ್ಯಾಪ್ಟನರು ಇಳಿಯುವುದನ್ನು ಬಿಡಲಿಲ್ಲವೆಂದು ವಿಚಾರಣೆಯ ವರದಿ ಹೇಳುತ್ತದೆ. ಅಲ್ಲಿ ಎಲ್ಲಿದ್ದೇವೆಂಬ ಜ್ಞಾನಕ್ಕೆ ಕೊರತೆಯಿರಲಿಲ್ಲ. ಮರಳುವ ಮನಸ್ಸು ಬರಲಿಲ್ಲ, ಅಷ್ಟೆ.

ಇದನ್ನು ಓದಿ ತಿಳಿದ ರಾತ್ರಿ ನಮ್ಮ ಸಿಟ್ಟು ಇಳಿಯಿತು. ಆ ದಿನ ನಮ್ಮ ವಿಮಾನದಲ್ಲಿದ್ದ ಚಾಲಕರಿಗೆ ಹಿಂದಿನ ಸೀಟುಗಳಲ್ಲಿ ಕೂತವರ ಗೊಣಗಾಟ ಕೇಳದೆ ಇರಲಿಲ್ಲ. ಯಾರ ತಂದೆ ಎಲ್ಲಿ ಕಾದಿದ್ದಾರೆಂಬುದು ಅವರಿಗೆ ತಿಳಿಯದು. ತಿಳಿದಿದ್ದರೂ ಅವರು ಹಾಗೆಯೇ ಮಾಡಬೇಕಿತ್ತು. ಎರಡು ಸಲ ಪ್ರಯತ್ನಿಸಿ, ಕಾಣದೆ, ಹಿಂದಿರುಗಿದರು. ಅಂದು ಮನೆಯ ಜಗಲಿಯಲ್ಲಿ ನಾವು ಅಳುತ್ತ ನಿಂತಾಗ ತಾಯಿಯವರು ನಮ್ಮ ತಲೆಯ ಮೇಲೆ ಕೈಯಿಟ್ಟು, 'ತಡವಾದರೂ ಬಂದೆಯಲ್ಲ ಮಗಾ' ಎಂದಿದ್ದರು. ಆಗ ಅದು ಬರೀ ಸಮಾಧಾನದ ಮಾತೆಂದು ತಿಳಿದಿದ್ದೆವು. ಅದರ ಅರ್ಥ ತಿಳಿದದ್ದು ಈ ನಿಯಮಗಳನ್ನು ಓದಿದ ಮೇಲೆ.

ಸಹಾರಿನಲ್ಲಿ ಸಾಮಾನು ಹೊರುವವರು, ಕ್ಯಾಂಟೀನಿನಲ್ಲಿ ದುಡಿಯುವವರು, ಟ್ಯಾಕ್ಸಿ ನಡೆಸುವವರು ನಮ್ಮ ನಡುವೆ ಇದ್ದೀರಿ. 2025ರ ಡಿಸೆಂಬರಿನಿಂದ ನವಿ ಮುಂಬಯಿಯ ಹೊಸ ನಿಲ್ದಾಣದಿಂದಲೂ ವಿಮಾನಗಳು ಹೋಗಿಬರುತ್ತಿವೆ. ಮುಂದಿನ ಮಳೆಗಾಲದಲ್ಲಿ ಊರಿಗೆ ಹೊರಟವರ ವಿಮಾನ ಬೇರೆ ಊರಿಗೆ ತಿರುಗಿದರೆ, ಅಲ್ಲಿಯ ಕೌಂಟರಿನಲ್ಲಿ ನಿಂತ ಹುಡುಗಿಯ ಮೇಲೆ ಕೂಗಾಡುವ ಮುಂಚೆ ಈ ಮಾತನ್ನು ದಯಮಾಡಿ ನೆನೆಯಬೇಕು. ಊಟ, ವಸತಿ, ಮುಂದಿನ ಪ್ರಯಾಣದ ವ್ಯವಸ್ಥೆಯನ್ನು ಕೇಳಿರಿ, ಗಟ್ಟಿಯಾಗಿಯೇ ಕೇಳಿರಿ. ಆದರೆ 'ಏಕೆ ಇಳಿಸಲಿಲ್ಲ' ಎಂದು ಮಾತ್ರ ಕೇಳಬೇಡಿರಿ.